ಇಪ್ಪತ್ತು ಸೆಕೆಂಡಿನ ದನಿ

ಗಂಟಲಲ್ಲಿ ಗಂಟಾಗಿದೆ, ಆಪರೇಷನ್ ಆಗಲೇಬೇಕು, ಆಮೇಲೆ ದನಿ ಬರುತ್ತದೋ ಇಲ್ಲವೋ ಹೇಳಲಾಗದು ಎಂದು ಮೈಸೂರಿನ ಡಾಕ್ಟರು ಹೇಳಿದ ದಿನದಿಂದ ದಿವ್ಯಳಿಗೆ ಊಟ ಸೇರುತ್ತಿರಲಿಲ್ಲ. ತೊಂಬತ್ತಾರನೆಯ ಇಸವಿಯ ಬೇಸಿಗೆ ಅದು. ಮೈಸೂರಿನಲ್ಲಿ ಓದಿದವಳು, ಶೀಳನೆರೆಯ ಚಲುವರಾಜುವನ್ನು ಮದುವೆಯಾಗಿ ಪಾಂಡವಪುರಕ್ಕೆ ಬಂದು, ಶಿಶುವಿಹಾರದ ಮಕ್ಕಳಿಗೆ ಕೂಗಿ ಕೂಗಿ ಅ ಆ ಇ ಈ ಹೇಳಿಕೊಟ್ಟವಳು. ಮೊದಲೇ ಪುಕ್ಕಲು; ಹಾಲು ಉಕ್ಕಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಒಂದೇ ಭಯ. ಒಂದೂವರೆ ವರ್ಷದ ಸಹನ ಅಮ್ಮನ ದನಿ ಕೇಳದೆ ಒಂದು ತುತ್ತೂ ತಿನ್ನುವವಳಲ್ಲ. ದನಿಯೇ ಹೋದರೆ ಮಗು ತನ್ನನ್ನು ಅಮ್ಮ ಅಂದುಕೊಂಡೀತೆ?

ಚಲುವರಾಜು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಯವನು. ಅವಳ ದನಿಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡೋಣವೆಂದರೆ ಸಹನ ಆಗಲೇ ಒಂದು ಕ್ಯಾಸೆಟ್ಟಿನ ರೀಲನ್ನೆಲ್ಲ ಎಳೆದು ಕೊರಳಿಗೆ ಸುತ್ತಿಕೊಂಡಿದ್ದಳು. ಅದಕ್ಕೇ ಗುಂಡಿ ಒತ್ತಿದರೆ ಮಾತಾಡುವ ಪುಟ್ಟ ಡಬ್ಬಿ ಮಾಡಲು ಹೊರಟ. ಬೆಂಗಳೂರಿನಿಂದ ದನಿ ಹಿಡಿದಿಡುವ ಎರಡು ಬಗೆಯ ಐಸಿ ತಂದು ಅವಳ ಮುಂದಿಟ್ಟ.

“ನೋಡಮ್ಮಿ, ಇದು ಒಂದು ನಿಮಿಸ ಹಿಡೀತದೆ. ನಿನ್ ದನಿ ಇದ್ದಂಗೇ ಬತ್ತದೆ. ಆದ್ರೆ ಸೆಲ್ಲು ಕಿತ್ರೆ ಎಲ್ಲಾ ಮರ್ತೋಯ್ತದೆ. ಇದು ಇಪ್ಪತ್ತೇ ಸೆಕೆಂಡು, ವಸಿ ಮೂಗಲ್ಲಿ ಮಾತಾಡ್ದಂಗೆ. ಸೆಲ್ಲು ಇಲ್ದಿದ್ರೂ ಮರೆಯಾಕಿಲ್ಲ. ಯಾವ್ದು ಆಕ್ಲಿ?”

“ಇಪ್ಪತ್ತು ಸೆಕೆಂಡಲ್ಲಿ ಏನ್ರೀ ಹೇಳ್ಲಿ? ಆ ಮೂಗಿನ ದನಿಗೆ ಮಗು ಹೆದರ್ಕೊಂಡ್ರೆ? ಉದ್ದದ್ದೇ ಹಾಕಿ. ಸೆಲ್ಲು ಯಾರು ಕೀಳ್ತಾರೆ?”

ಅವನು ತಲೆ ಕೆರೆದುಕೊಂಡು ಒಪ್ಪಿದ.

ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ದಿವ್ಯ ಕೋಣೆಯ ಬಾಗಿಲು ಮುಚ್ಚಿ, ಒಡೆದ ದನಿಯನ್ನು ಹೇಗೋ ಕೂಡಿಸಿಕೊಂಡು ಚಂದಮಾಮನನ್ನು ಕರೆದಳು, ಮಗುವನ್ನು ಬಂಗಾರಿ ಎಂದಳು, ಕಾಗೆಗೊಂದು ತುತ್ತು ಗುಬ್ಬಿಗೊಂದು ತುತ್ತು ಎಂದಳು. ಡಬ್ಬಿ ಎಲ್ಲವನ್ನೂ ತಪ್ಪದೆ ಒಪ್ಪಿಸಿತು. ಅವಳು ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಬಟ್ಟೆ ಒಗೆಯಲು ಹೋದಳು.

ಮಧ್ಯಾಹ್ನ ಅನ್ನ ಕಲಸಿ ತಂದು ಗುಂಡಿ ಒತ್ತಿದರೆ ಡಬ್ಬಿ ಗೊರ್ ಎಂದಿತು. ಮತ್ತೆ ಒತ್ತಿದಳು. ಗೊರ್. ಸಹನ ಬೆಚ್ಚಿ ಅತ್ತಳು.

“ಯಾಕವ್ವ, ಈಗ ಜೋರಾಗ್ ಬರ್ಬೇಕಲ್ಲ?” ಎನ್ನುತ್ತ ಅತ್ತೆ ಮಾಯಮ್ಮ ಬಂದರು. “ಬೆಳಿಗ್ಗೆ ಒತ್ತಿ ನೋಡ್ದೆ. ದನಿ ಸೊರಗೋಗಿತ್ತು. ಸೆಲ್ಲು ಇಳಿದೋಗವೆ ಅಂದ್ಕಂಡು ರೇಡಿಯೋ ಸೆಲ್ಲಿನ್ ಜೊತೇಲೇ ಜಗಲಿ ಮೇಲೆ ಬಿಸ್ಲಿಗಿಟ್ಟು ತಿರ್ಗಾ ಆಕಿವ್ನಿ.”

ಸೆಲ್ಲು ಹೊಸದಾಗಿತ್ತು. ಸೊರಗಿದ್ದು ದಿವ್ಯಳ ಗಂಟಲು. ಅತ್ತೆಯ ಕಿವಿಗೇ ಹಾಗೆ ಕೇಳಿದ್ದರೆ ಗಂಟು ಎಷ್ಟು ಬೆಳೆದಿರಬೇಕು ಎಂದುಕೊಂಡು ಅವಳು ಗಂಟಲನ್ನು ಒತ್ತಿ ಒತ್ತಿ ನೋಡಿಕೊಂಡಳು.

ಸುದ್ದಿ ತಿಳಿದು ಅಂಗಡಿಯಿಂದ ಓಡಿಬಂದ ಚಲುವರಾಜು, “ಸೆಲ್ಲಿನ್ ಜೊತೆಗೆ ನಾಕು ಹಪ್ಪಳನೂ ಒಣಗಾಕ್ಬುಡವ್ವ,” ಎಂದ.

“ಸುಮ್ಕಿರ್ಲಾ! ಕೀಳ್ಬಾರ್ದು ಅಂತ ನೀನ್ ಏಳಿದ್ಯಾ?”

ಅವನು ಹಳೆಯ ಐಸಿ ತೆಗೆದು ಇಪ್ಪತ್ತು ಸೆಕೆಂಡಿನದನ್ನು ಕೂರಿಸಿದ. ಮಾಯಮ್ಮ ಮೆಣಸು ಹಾಕಿ ಬಿಸಿನೀರು ಕೊಟ್ಟರು. ದಿವ್ಯ ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಎರಡನೆಯ ಸಲ ಅಳು ಬಂತು. ಸಂಜೆಯ ಹೊತ್ತಿಗೆ ಹೇಗೋ ಸಾಧಿಸಿದಳು: “ಸಹನಾ, ಬಾ ಮಗು. ಅಮ್ಮ ಇಲ್ಲೇ ಇದ್ದೀನಿ. ಆ ಅನ್ನು.” ಉಳಿದದ್ದು ಬರೀ ಉಸಿರು.

ಚಲುವರಾಜು ಸೆಲ್ಲು ಕಿತ್ತು, ತುಸು ತಡೆದು, ಮತ್ತೆ ಹಾಕಿ ಒತ್ತಿದ. ಯಾರೋ ಬಾವಿಯೊಳಗಿನಿಂದ ಕರೆದಂತೆ ಅದೇ ಮಾತು ಬಂತು.

ಸಹನ ಹೆದರಲಿಲ್ಲ. ಡಬ್ಬಿಯನ್ನು ಕಸಿದುಕೊಂಡು ತಾನೇ ಒತ್ತಿದಳು. ‘ಆ ಅನ್ನು’ ಎಂದೊಡನೆ ಅದಕ್ಕೇ ಬಾಯಿ ತೆರೆದಳು. ದಿವ್ಯ ತುತ್ತಿಟ್ಟಳು.

“ತಿಂತಾವ್ಳೆ ನೋಡವ್ವ! ಇನ್ನೇನ್ ಯೋಚ್ನೆ ಮಾಡ್ಬ್ಯಾಡ, ಧೈರ್ಯವಾಗ್ ಓಗ್ಬುಟ್ ಬಾ,” ಎಂದರು ಮಾಯಮ್ಮ.

“ಸಹನಾ,” ಎಂದು ದಿವ್ಯ ತನ್ನ ಒಡೆದ ದನಿಯಲ್ಲೇ ಕರೆದಳು. ಮಗು ತಿರುಗಲಿಲ್ಲ. ಇನ್ನಷ್ಟು ಹತ್ತಿರ ಬಾಗಿ ಮತ್ತೆ ಕರೆದಳು. ಸಹನ ಡಬ್ಬಿಯನ್ನು ಕಿವಿಗೆ ಒತ್ತಿ ಹಿಡಿದು ನಗುತ್ತಿದ್ದಳು.