ಗೋಡೆಗಿಂತ ಮೊದಲು ನಿಂತ ಬಾಗಿಲು

ನಮ್ಮಪ್ಪನಿಗೆ ಯಾರು ಏನು ಕೇಳಿದರೂ ಒಂದೇ ಉತ್ತರ: "ಆಯ್ತದೆ ಬುಡಿ ಸ್ವಾಮಿ." ಯಾವಾಗ, ಹೇಗೆ ಎಂದು ಮಾತ್ರ ಕೇಳಬಾರದು. ಗಾರೆ ಕೆಲಸದಿಂದ ಶುರು ಮಾಡಿ, ಮೇಸ್ತ್ರಿಯಾಗಿ, ಕೊನೆಗೆ ಸಣ್ಣ ಕಂಟ್ರಾಕ್ಟರ್ ಆದವರು ಅವರು. ಉಪ್ಪಾರಹಳ್ಳಿಯ ನಮ್ಮ ಮನೆ ಮುಂದೆ ತಮ್ಮ ಹೆಸರಿನ ಬೋರ್ಡು ಹಾಕಿಸಿದ ದಿನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನು ನೋಡಿ ಬಂದಿದ್ದರು. ಕಾಫಿ ಕುಡಿದು ಮತ್ತೊಮ್ಮೆ ಹೋಗಿ ನೋಡಿದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರಿಗೆ ಗುಬ್ಬಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವ ಕೆಲಸ ಸಿಕ್ಕಿತು. ಹಿಂದಿನ ಕೆಲಸಗಳೆಲ್ಲ ತಡವಾಗಿದ್ದವು. ಹಾಗಾಗಿ ಮೇಲಿನ ಎಂಜಿನಿಯರು ಪಾಯ ತೆಗೆಯುವ ದಿನವೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಮಕ್ಕಳು ಒಳಗಿರಬೇಕು. ಇಲ್ಲದಿದ್ದರೆ ಉಳಿದ ಕೆಲಸ ಬೇರೆಯವರಿಗೆ, ಅಪ್ಪನಿಗೆ ಮುಂದೆ ಕಂಟ್ರಾಕ್ಟೇ ಇಲ್ಲ. ಅಂದರೆ ಬೋರ್ಡು ಇಳಿಸಿ, ಆ ವಯಸ್ಸಿನಲ್ಲಿ ಮತ್ತೆ ಇನ್ನೊಬ್ಬರ ಕೈಕೆಳಗೆ ಕರಣೆ ಹಿಡಿಯಬೇಕು. ಅಪ್ಪ ಅವರಿಗೂ "ಆಯ್ತದೆ ಬುಡಿ ಸ್ವಾಮಿ" ಅಂದು ಬಂದರು. ಅವತ್ತು ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ನಾನು ಆ ವರ್ಷವೇ ತುಮಕೂರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದೆ. ತರಗತಿಗೆಲ್ಲ ನಾನೊಬ್ಬಳೇ ಹುಡುಗಿ. "ಸೀರೆ ಉಟ್ಕೊಂಡು ಸಾರುವೆ ಹತ್ತುತೀಯೇನಮ್ಮ?" ಎಂದು ರೇಗಿಸುತ್ತಿದ್ದವರಿಗೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ನಾಲಿಗೆ ಚುರುಕಾಗಿತ್ತು. ಕೊನೆಯ ವರ್ಷ ನಮಗೆ ಕ್ರಿಟಿಕಲ್ ಪಾತ್ ಎಂಬ ಪಾಠವಿತ್ತು. ಉಳಿದವರು ಪರೀಕ್ಷೆಗೆಂದು ಉರು ಹೊಡೆದು ಮರೆತರು. ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು. ಒಂದು ಕಟ್ಟಡದಲ್ಲಿ ಯಾವ ಕೆಲಸ ಮುಗಿದ ಮೇಲೆ ಯಾವುದು ಎಂದು ಕೆಲಸಕ್ಕೊಂದು ಸುತ್ತು ಹಾಕಿ, ಗೆರೆ ಎಳೆದು ಜೋಡಿಸುತ್ತ ಹೋದರೆ ಹಲವು ದಾರಿಗಳಾಗುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ ದಾರಿಯೇ ಕಟ್ಟಡದ ಯಜಮಾನ. ಅದರ ಮೇಲಿನ ಕೆಲಸ ಒಂದು ದಿನ ತಡವಾದರೆ ಇಡೀ ಕಟ್ಟಡವೇ ಒಂದು ದಿನ ತಡ. ಮಿಕ್ಕ ಕೆಲಸಗಳಿಗೆ ಸ್ವಲ್ಪ ಸಡಿಲವಿರುತ್ತದೆ. ಅವು ತಡವಾದರೂ ಆಕಾಶ ಬೀಳುವುದಿಲ್ಲ.

ನಮ್ಮಪ್ಪನ ಪದ್ಧತಿ ಬೇರೆ. ಎಲ್ಲಿ ಗಲಾಟೆ ಜಾಸ್ತಿಯೋ ಅಲ್ಲಿಗೆ ಓಡುವುದು. ಆ ಬೇಸಗೆಯಲ್ಲಿ ಗಲಾಟೆಯೆಲ್ಲ ಇಟ್ಟಿಗೆಯದು. ಕುಣಿಗಲ್ ಕಡೆಯ ಇಟ್ಟಿಗೆ ಗೂಡಿನವನು ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಎಂದು ಆಟ ಆಡಿಸುತ್ತಿದ್ದ. ಅಪ್ಪ ಬೆಳಗಾಗೆದ್ದು ಕುಣಿಗಲ್ ಬಸ್ಸು ಹತ್ತಿ, ಅವನ ಗೂಡಿನ ಮುಂದೆ ಬೇವಿನ ಮರದ ಕೆಳಗೆ ಕೂತು ಕಾದು, ಸಂಜೆ ಧೂಳು ಮೆತ್ತಿಕೊಂಡು ಬರುತ್ತಿದ್ದರು. ಗುಬ್ಬಿಯಲ್ಲಿ ಪಾಯ ಮುಗಿದು ಕಟ್ಟೆ ಎದ್ದಿತ್ತು, ಅಷ್ಟೇ.

ಒಂದು ಬೆಳಿಗ್ಗೆ ನನಗೆ ರೇಗಿತು. ಅಮ್ಮನ ರಂಗೋಲಿ ಡಬ್ಬಿ ತೆಗೆದುಕೊಂಡು ಅಂಗಳದಲ್ಲಿ ಹಾಸ್ಟೆಲಿನ ಕೆಲಸಗಳನ್ನೆಲ್ಲ ಸುತ್ತು ಹಾಕಿ ಗೆರೆ ಎಳೆಯತೊಡಗಿದೆ. ಕಾಗದದಲ್ಲಿ ಬರೆದರೆ ಅಪ್ಪ ಮಡಿಸಿ ಜೇಬಿಗೆ ಇಟ್ಟುಕೊಂಡು ಮರೆಯುತ್ತಾರೆ. ಅಂಗಳದಲ್ಲಿ ಬರೆದರೆ ದಾಟಿಕೊಂಡೇ ಹೋಗಬೇಕಲ್ಲ.

"ಇದೆಂಥ ರಂಗೋಲೀನೇ, ಹೂವಿಲ್ಲ, ಬಳ್ಳಿಯಿಲ್ಲ?" ಅಂದರು ಅಮ್ಮ.

"ಅಪ್ಪನ ಬೋರ್ಡು ಉಳಿಸೋ ರಂಗೋಲಿ ಕಣಮ್ಮ, ಸ್ವಲ್ಪ ಅರಿಶಿನ ಕೊಡು."

ಅರಿಶಿನದಲ್ಲಿ ನಾನು ಆಷಾಢವನ್ನು ಬರೆದೆ. ನಮ್ಮ ಕಡೆ ಆಷಾಢದಲ್ಲಿ ಶುಭದ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ಮುಂಬಾಗಿಲ ಚೌಕಟ್ಟು ನಿಲ್ಲಿಸುವುದಂತೂ ಪೂಜೆಯ ಕೆಲಸ. ತಲೆ ಹೋದರೂ ಅಪ್ಪ ಅದನ್ನು ಆಷಾಢದಲ್ಲಿ ಮಾಡುವವರಲ್ಲ. ಮುಂಬಾಗಿಲು ನಿಲ್ಲದೆ ಇನ್ನೊಂದು ಬಾಗಿಲು, ಕಿಟಕಿ ನಿಲ್ಲುವಂತಿಲ್ಲ. ಅವು ನಿಲ್ಲದೆ ಗೋಡೆ ಏಳುವಂತಿಲ್ಲ. ಹಳದಿ ಗೆರೆ ಬಿದ್ದ ಕೂಡಲೇ ಉದ್ದದ ದಾರಿ ಇಟ್ಟಿಗೆಯನ್ನು ಬಿಟ್ಟು ಮುಂಬಾಗಿಲ ಕಡೆ ತಿರುಗಿತು. ಮುಂಬಾಗಿಲು ಆಷಾಢಕ್ಕೆ ಮೊದಲು ನಿಲ್ಲದಿದ್ದರೆ ಲಾರಿಗಟ್ಟಲೆ ಇಟ್ಟಿಗೆ ಬಂದರೂ ಒಂದು ತಿಂಗಳು ಅದರ ಮೇಲೆ ಕೂತು ಕಡಲೆಕಾಯಿ ತಿನ್ನಬೇಕು. ದಸರಾ ಕೈತಪ್ಪಿದಂತೆಯೇ.

"ಅಪ್ಪ, ಮುಂಬಾಗಿಲು ಎಲ್ಲಿಗೆ ಬಂತು?"

"ಇಟ್ಗೇನೇ ಇಲ್ಲ, ಬಾಗ್ಲಿಗೇನವ್ವ ಅವಸರ? ಅದ್ನ ಆಚಾರಿ ಕೊನೇಗೆ ಮಾಡ್ತಾನೆ."

ತಪ್ಪು ಇದ್ದದ್ದು ಅಲ್ಲೇ. ಗುಬ್ಬಿಯ ಮರಗೆಲಸದ ಆಚಾರಿ ಮೊದಲು ಕಿಟಕಿ, ಆಮೇಲೆ ಒಳಬಾಗಿಲು, ಎಲ್ಲ ಮುಗಿದು ಕೈ ಪಳಗಿದ ಮೇಲೆ ಒಳ್ಳೆಯ ಮರ ಆರಿಸಿ ಮುಂಬಾಗಿಲು ಮಾಡುತ್ತಿದ್ದರು. ಗಾರೆಯವರಿಗೆ ಬೇಕಾದದ್ದು ಮೊದಲು ಮುಂಬಾಗಿಲು. ಮನೆ ಕಟ್ಟುವವರು ಪಾಯಕ್ಕೆ ಎಷ್ಟೋ ಮುಂಚೆಯೇ ಮರದ ಕೆಲಸ ಹಿಡಿಸುತ್ತಿದ್ದರು, ಹಾಗಾಗಿ ಈ ತಿಕ್ಕಾಟ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಲ್ಲಿ ಎರಡೂ ಒಟ್ಟಿಗೆ ಶುರುವಾಗಿದ್ದವು.

ಅಪ್ಪ ಕೊಡೆ ಹಿಡಿದು ಕುಣಿಗಲ್ ಬಸ್ಸಿಗೆ ಹೊರಟಿದ್ದರು. ನಾನು ಕೊಡೆ ಕಿತ್ತುಕೊಂಡೆ. "ಇವತ್ತು ಗುಬ್ಬಿಗೆ" ಅಂದೆ. ಅಪ್ಪ ನನ್ನನ್ನೂ ಅಂಗಳವನ್ನೂ ನೋಡಿದರು. ಗೆರೆ ತುಳಿಯದ ಹಾಗೆ ಅಂಚಿನಲ್ಲೇ ಸುತ್ತಿ ಗೇಟು ದಾಟಿದಾಗ ನಾನು ಅರ್ಧ ಗೆದ್ದೆ ಅಂದುಕೊಂಡೆ.

ಆಚಾರಿಯ ಕೊಟ್ಟಿಗೆಯಲ್ಲಿ ಸಾಲಾಗಿ ಕಿಟಕಿಗಳು ಒರಗಿದ್ದವು. ಮುಂಬಾಗಿಲ ಹೊನ್ನೆ ಮರ ಇನ್ನೂ ದಿಮ್ಮಿಯಾಗಿಯೇ ಮೂಲೆಯಲ್ಲಿ ಬಿದ್ದಿತ್ತು. ವಿಷಯ ಹೇಳಿದ್ದಕ್ಕೆ ಅವರು ಆಗದೆಂದು ತಲೆಯಾಡಿಸಿದರು. ಕುಯ್ದು ಜೋಡಿಸಬಹುದು, ಆದರೆ ಹೂವು ಕೆತ್ತುವುದಕ್ಕೆ ಹೊತ್ತು ಬೇಕು.

"ಹೂವಿಲ್ದೆ ಮುಂಬಾಗ್ಲು ಕೊಟ್ರೆ ಊರೋರು ನನ್ನ ಮಕಕ್ಕೆ ಉಗೀತಾರೆ ಕಣವ್ವ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ತೆರೆಯುವಷ್ಟರಲ್ಲಿ ಅಂಗಳದ ಸುತ್ತುಗಳು ಕಣ್ಣ ಮುಂದೆ ಬಂದವು. ಬಾಗಿಲು ಮಾಡುವುದು ಎಂದು ನಾನು ಒಂದೇ ಸುತ್ತು ಹಾಕಿದ್ದೆ. ಅದು ಎರಡಾಗಬಹುದಲ್ಲ! ಚೌಕಟ್ಟು ಉದ್ದದ ದಾರಿಯ ಮೇಲಿದೆ, ಹೂವು ಇಲ್ಲ.

"ಈಗ ಚೌಕಟ್ಟು ಕೊಡಿ, ಪೂಜೆ ಆಗಿ ನಿಂತ್ಕೊಳ್ಲಿ. ಹೂವು ಅಲ್ಲೇ ನಿಂತು ಕೆತ್ತಿ. ಆಷಾಢದಲ್ಲಿ ಶುರು ಮಾಡಬಾರ್ದು ಅಷ್ಟೇ, ಶುರುವಾದದ್ದು ನಡೀಬಾರ್ದು ಅಂತ ಯಾರಂದ್ರು?"

ಆಚಾರಿ ಅಪ್ಪನ ಮುಖ ನೋಡಿದರು. ಅಪ್ಪ ಗಡ್ಡ ಕೆರೆದುಕೊಂಡರು. "ತೆಪ್ಪೇನಿಲ್ಲ" ಅಂದರು. ಆಚಾರಿ ಅರ್ಧಕ್ಕೆ ನಿಂತಿದ್ದ ಕಿಟಕಿಯನ್ನು ಗೋಡೆಗೆ ಒರಗಿಸಿ ದಿಮ್ಮಿಯ ಕಡೆ ನಡೆದರು. ಇಟ್ಟಿಗೆಗೆ ಕಾದು ಸುಮ್ಮನೆ ಕೂತಿದ್ದ ನಮ್ಮ ಆಳುಗಳನ್ನು ಗರಗಸ ಎಳೆಯಲು ಅಲ್ಲಿಗೇ ಕಳಿಸಿದೆವು.

ಆಷಾಢಕ್ಕೆ ಮುಂಚಿನ ಕೊನೆಯ ಒಳ್ಳೆಯ ದಿನ ಬಾಗಿಲು ನಿಂತಿತು. ಸುತ್ತ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಬರೀ ಕಟ್ಟೆಯ ಮೇಲೆ ಬೊಂಬಿನ ಊರುಗೋಲು ಕೊಟ್ಟುಕೊಂಡು, ಮಾವಿನ ಸೊಪ್ಪು ಕಟ್ಟಿಸಿಕೊಂಡು, ಅರಿಶಿನ ಕುಂಕುಮ ಬಳಿಸಿಕೊಂಡು ಒಂಟಿ ಬಾಗಿಲು. ದಾರಿಯಲ್ಲಿ ಹೋಗುವ ಬಸ್ಸಿನವರು ತಲೆ ಹೊರಗೆ ಹಾಕಿ ನಕ್ಕರು. ನೋಡಲು ಬಂದ ಎಂಜಿನಿಯರು ಅದರ ಪಕ್ಕದಿಂದಲೇ ಒಳಗೆ ಬಂದು, "ಗೋಡೆ ಎಲ್ರೀ? ಹೀಗಾದ್ರೆ ದಸರಾಕ್ಕೆ ಮುಗಿಯುತ್ತಾ?" ಎಂದರು. "ಆಯ್ತದೆ ಬುಡಿ ಸ್ವಾಮಿ" ಅಂದರು ಅಪ್ಪ. ಈ ಸಲ ಅದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು.

ಆಷಾಢ ಬಂತು. ಗುಬ್ಬಿಯಲ್ಲಿ ಹೊಸ ಮನೆ ಕೆಲಸಗಳೆಲ್ಲ ನಿಂತವು. ಬೇಸಗೆಯಲ್ಲಿ ಕೈಕಾಲು ಹಿಡಿದರೂ ಬಾರದ ಗಾರೆಯವರು ಈಗ ಕರಣೆ ಹಿಡಿದು ನಮ್ಮ ಕಟ್ಟೆಯ ಮುಂದೆ ಬಂದು ನಿಂತರು. ಕುಣಿಗಲ್ಲಿನ ಗೂಡಿನವನ ಇಟ್ಟಿಗೆ ಕೊಳ್ಳುವವರಿಲ್ಲದೆ ಮಳೆಯಲ್ಲಿ ನೆನೆಯುತ್ತಿತ್ತು. ಅಪ್ಪನನ್ನು ಬೇವಿನ ಮರದ ಕೆಳಗೆ ಕಾಯಿಸಿದ ಆ ಮನುಷ್ಯ ತಾನೇ ಲಾರಿಯಲ್ಲಿ ಕೂತು ಬಂದು, "ಎಲ್ಲಿ ಇಳಿಸ್ಲಿ ಯಜಮಾನ್ರೇ?" ಎಂದು ಕೇಳಿದ. ಅಪ್ಪ ಬೀಡಿ ಪೂರ್ತಿ ಸೇದಿ ಮುಗಿಸಿ, ಆಮೇಲೆ ಜಾಗ ತೋರಿಸಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು, ಮುಚ್ಚಿಡುವುದೇಕೆ.

ಗೋಡೆ ಎದ್ದಿತು. ಮುಂದೆ ಆಚಾರಿ ಸ್ಟೂಲು ಹಾಕಿಕೊಂಡು ಹೂವು ಕೆತ್ತುತ್ತಿದ್ದರೆ ಹಿಂದೆ ಗಾರೆಯವರು ಕಟ್ಟುತ್ತಿದ್ದರು. ಶ್ರಾವಣದಲ್ಲಿ ಸೂರು ಹಾಕಿದ್ದಾಯಿತು. ನಮ್ಮ ಅಂಗಳದಲ್ಲಿ ನಾನು ಮುಗಿದ ಸುತ್ತುಗಳನ್ನು ಒಂದೊಂದಾಗಿ ಅಳಿಸುತ್ತ ಬಂದೆ. ಮಳೆ ಬಂದು ಕೊಚ್ಚಿ ಹೋದಾಗಲೆಲ್ಲ ಅಮ್ಮನೇ ನೆನಪಿನಿಂದ ಮತ್ತೆ ಬರೆಯುತ್ತಿದ್ದರು, ಅಲ್ಲಲ್ಲಿ ಒಂದು ಹೂವು ಸೇರಿಸಿ.

ದಸರಾ ರಜೆ ಮುಗಿದ ದಿನ ಹಳ್ಳಿಗಳಿಂದ ಬಂದ ಹುಡುಗಿಯರು ಟ್ರಂಕು ಹೊತ್ತು ಆ ಬಾಗಿಲಿನಿಂದ ಒಳಗೆ ಹೋದರು. ಎಂಜಿನಿಯರಿಗೆ ಈ ಸಲ ಪಕ್ಕದಿಂದ ಬರಲು ದಾರಿಯಿರಲಿಲ್ಲ; ಬಾಗಿಲಿನಲ್ಲೇ ಬಂದರು. ಹೂವಿನ ಕೆತ್ತನೆ ಮುಟ್ಟಿ ನೋಡಿ, ಕುಣಿಗಲ್ಲಿನಲ್ಲಿ ಇನ್ನೂ ದೊಡ್ಡದೊಂದು ಹಾಸ್ಟೆಲ್ ಆಗಬೇಕಿದೆ ಎಂದರು.

"ಯಾವಾಗ ಮುಗಿಸಿ ಕೊಡ್ತೀರಿ?"

ಅಪ್ಪ ಬಾಯಿ ತೆರೆದರು. ಆ ಹಳೆಯ ಉತ್ತರ ಬಂದೇ ಬಿಡುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ನನ್ನ ಕೇಳ್ಬೇಡಿ ಸ್ವಾಮಿ" ಅಂದರು ಅಪ್ಪ. "ನನ್ನ ಮಗಳ್ನ ಕೇಳಿ."

ಎಂಜಿನಿಯರು ತಿರುಗಿದರು. ಅಷ್ಟು ತಿಂಗಳಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಮುಂಬಾಗಿಲು ಯಾರು ಮಾಡ್ತಾರೆ ಅಂತ ಮೊದಲು ಗೊತ್ತಾಗ್ಲಿ ಸಾರ್. ಆಮೇಲೆ ದಿನ ಹೇಳ್ತೀನಿ."