ನಾನು ಆರಿಸಿದ ಕನ್ವರ್ಟರ್

ನಿನ್ನೆ ಚಿಕ್ಕಪ್ಪನ ಎಸ್ಟೇಟಿಗೆ ಹೋದವನು ಗೇಟಿನ ಹತ್ತಿರ ಎಡವಿ ಹೆಬ್ಬೆರಳು ಜಜ್ಜಿಕೊಂಡೆ. ಅಯ್ಯಪ್ಪಾ, ಕಣ್ಣಲ್ಲಿ ನೀರು ಬಂತು. ಬಗ್ಗಿ ನೋಡಿದರೆ ಅದೇ! ಗೇಟು ಗಾಳಿಗೆ ಬಡಿಯದಿರಲೆಂದು ಚಿಕ್ಕಮ್ಮ ಒತ್ತು ಕೊಟ್ಟಿಟ್ಟಿರುವ, ಕಾರಿನ ಟಾರ್ಕ್ ಕನ್ವರ್ಟರ್. ಎರಡು ಬಾಣಲೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಬೆಸೆದಂತಿರುವ ಅದನ್ನು ಆರಿಸಿದ ಮಹಾಶಯ ನಾನೇ. ಇಷ್ಟು ವರ್ಷವಾದರೂ ಕಂಡರೆ ಮೈ ಜುಮ್ಮೆನ್ನುತ್ತದೆ.

ಚಿಕ್ಕಪ್ಪ ಹರೆಯದಲ್ಲಿ ಬೈಕ್ ರೇಸಿಗೆ ಹೋಗಿ ಎಡಗಾಲನ್ನು ಮಂಡಿಯಿಂದ ಕೆಳಗೆ ಕಳೆದುಕೊಂಡವರು. ಕ್ಲಚ್ ತುಳಿಯುವಂತಿಲ್ಲ. ಹಾಗಂತ ವೇಗದ ಚಟ ಬಿಟ್ಟಾರೆ? ಕ್ಲಚ್ಚಿಲ್ಲದ ಹಳೆಯ ವಿದೇಶಿ ಕಾರೊಂದನ್ನು ಹುಡುಕಿ ತಂದು, ದೊಡ್ಡ ಎಂಜಿನ್ ಕೂರಿಸಿದರು. ಸ್ಟೇರಿಂಗ್ ಹಿಡಿದಾಗ ಮಾತ್ರ ಅವರಿಗೆ ಯಾರ ಹೆಗಲೂ ಬೇಕಿರಲಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಅದರ ಕನ್ವರ್ಟರ್ ಕೆಟ್ಟಿತು. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಅದರ ಕೆಲಸ. ಸಕಲೇಶಪುರದ ಮೆಕ್ಯಾನಿಕ್ ಬಾಬಣ್ಣ ಎರಡು ತರಿಸಿದ್ದರು: ಹಳೆಯದರಂಥದ್ದೇ ಒಂದು, ರೇಸಿನದೊಂದು. ರೇಸಿನದು ಎಂಜಿನ್ ಚೆನ್ನಾಗಿ ಮೊರೆದ ಮೇಲಷ್ಟೇ ಬಲ ದಾಟಿಸುತ್ತದೆ. ಆಗ ಕಾರು ಚಿಮ್ಮುತ್ತದೆ. ಆಗಷ್ಟೇ ಡಿಪ್ಲೊಮಾ ಮುಗಿಸಿದ್ದ ನನಗೆ ಬಾಯಲ್ಲಿ ನೀರೂರಿತು.

“ಹಳೇ ಥರದ್ದೇ ಹಾಕೋಣ ಕಣ್ರೀ. ಈ ರೇಸಿಂದು ಏರಲ್ಲಿ ಕಾರನ್ನ ನಿಲ್ಸಲ್ಲ,” ಎಂದರು ಬಾಬಣ್ಣ.

“ನಿಮಗೆ ಗೊತ್ತಾಗಲ್ಲ ಬಿಡಿ,” ಎಂದೆ. ನನ್ನ ಕೊಬ್ಬು ನೋಡಿ! ಚಿಕ್ಕಪ್ಪ ಬೇರೆ, “ಓದ್ದೋನು ಹೇಳ್ತಾವ್ನೆ, ಹಾಕ್ಬುಡು ಮಾರಾಯ,” ಎಂದರು.

ವಾಪಸು ಬರುವಾಗ ನಾನೇ ಓಡಿಸಿದೆ. ಪಕ್ಕದಲ್ಲಿ ಚಿಕ್ಕಪ್ಪ, ಹಿಂದೆ ಚಿಕ್ಕಮ್ಮ. ದಾರಿಯುದ್ದಕ್ಕೂ ನನ್ನ ಪಾಠ: “ಎಡಗಾಲಲ್ಲಿ ಬ್ರೇಕ್ ಹಿಡ್ಕೊಂಡು, ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತಿ, ಬ್ರೇಕ್ ಬಿಟ್ರೆ ನೋಡಿ!” ಕಾರು ಚಿಮ್ಮಿದಾಗೆಲ್ಲ ಚಿಕ್ಕಪ್ಪ ಗಹಗಹಿಸಿ ನಕ್ಕರು. ಗೇಟಿನ ಹತ್ತಿರ ತಡೆಯಲಾಗದೆ, “ಕೊಡೋ ಇತ್ಲಾಗೆ,” ಎಂದು ನನ್ನ ಜಾಗಕ್ಕೆ ಬಂದರು.

ಎಸ್ಟೇಟ್ ಗೇಟಿನ ರೂಢಿ ನಿಮಗೂ ಗೊತ್ತಿರಬಹುದು. ಒಬ್ಬರು ಇಳಿದು ಗೇಟು ತೆಗೆಯಬೇಕು, ಕಾರು ಒಳಗೆ ಹೋಗಿ ಏರಿನಲ್ಲಿ ಕಾಯಬೇಕು, ಅವರು ಗೇಟು ಹಾಕಿ ಬಂದು ಹತ್ತಬೇಕು. ಯಾರಿದ್ದರೂ ಚಿಕ್ಕಮ್ಮನೇ ಇಳಿಯುವುದು. ಚಿಕ್ಕಪ್ಪ ಹ್ಯಾಂಡ್ ಬ್ರೇಕನ್ನೂ ಎಳೆಯದೆ, ಬ್ರೇಕಿನಿಂದ ಕಾಲು ತೆಗೆದು ಆರಾಮಾಗಿ ಕೂರುವುದು. ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿದ್ದರೂ ಸಾಕು, ಹಳೆಯ ಕನ್ವರ್ಟರ್ ಕಾರನ್ನು ಏರಿನಲ್ಲಿ ಹಿಡಿದಿರುತ್ತಿತ್ತು. ಅವತ್ತೂ ಚಿಕ್ಕಮ್ಮ ಹಿಂದೆ ಗೇಟು ಹಾಕುತ್ತಿದ್ದಾಗ ಕಾಲು ತೆಗೆದರು. ಕಾರು ಹಿಂದಕ್ಕೆ ಜಾರಿತು.

“ಚಿಕ್ಕಮ್ಮಾ!” ಎಂದು ಕಿರುಚಿದ್ದು ನೆನಪಿದೆ. ಇರುವ ಒಂದು ಕಾಲು ಬ್ರೇಕ್ ಹುಡುಕುವಷ್ಟರಲ್ಲಿ ಕಾರು ಧಡ್ಡೆಂದು ಗೇಟಿಗೆ ಬಡಿಯಿತು. ಇಳಿದು ಓಡಿದರೆ, ಬಂಪರಿಗೂ ಗೇಟಿಗೂ ನಡುವೆ ಸೆರಗು ಸಿಕ್ಕಿಕೊಂಡಿದೆ. ಸೆರಗಿನ ಈಚೆ, ಪಕ್ಕದ ಚರಂಡಿಯಲ್ಲಿ ಚಿಕ್ಕಮ್ಮ ಕೂತಿದ್ದರು. ಮೊಣಕೈ ತರಚಿತ್ತು, ಅಷ್ಟೇ. ನನ್ನ ಮುಖವನ್ನೇ ನೋಡಿ ಕೇಳಿದರು: “ಯಾರ ಕಾಲಿಗೆ ಅಂತ ಆರ್ಸಿದ್ಯೋ ಇದನ್ನ?”

ಛೆ! ಆ ಮನುಷ್ಯನಿಗೆ ಊರುಗೋಲು ತಂದುಕೊಡುತ್ತ ಬೆಳೆದವನು ನಾನು. ಎಡಗಾಲಿಲ್ಲವೆಂಬುದು ವರ್ಕ್‌ಶಾಪಿನಲ್ಲಿ ಒಂದು ಕ್ಷಣವಾದರೂ ನೆನಪಾಗಬಾರದೆ? ನನ್ನ ಎರಡು ಕಾಲಿಗೆ ಆರಿಸಿದ್ದೆ.

ಚಿಕ್ಕಪ್ಪ ಕೀಲಿ ನನ್ನ ಕೈಗಿಟ್ಟರು. “ಸಾಕು ಕಣೋ. ಇನ್ನು ಓಡ್ಸಲ್ಲ.” ಬಾಬಣ್ಣ ಹಳೆಯ ಥರದ್ದನ್ನು ಹಾಕಿಕೊಟ್ಟ ಮೇಲೂ ಕಾರು ಮುಟ್ಟಲಿಲ್ಲ, ಮಂಕಾಗಿ ಕೂತರು. ಆಗ ಚಿಕ್ಕಮ್ಮ ಏನು ಮಾಡಿದರು ಗೊತ್ತೆ? ನನ್ನ ಕೈಲಿ ಕಾರನ್ನು ಅದೇ ಏರಿನಲ್ಲಿ ನಿಲ್ಲಿಸಿ, ಚಿಕ್ಕಪ್ಪನನ್ನು ಎಳೆದು ತಂದು ಕೂರಿಸಿ, ತಾವು ಕಾರಿನ ಹಿಂದೆ ಹೋಗಿ ನಿಂತರು.

“ಕಾಲು ತೆಗೀರಿ.”

“ಆಗಲ್ಲ ಕಣೇ.”

“ತೆಗೀರಿ ಅಂದ್ನಲ್ಲ!”

ನಾನು ಕಣ್ಣು ಮುಚ್ಚಿಕೊಂಡೆ. ಕಾರು ಅಲುಗಲಿಲ್ಲ.

ನಿನ್ನೆ ಕುಂಟುತ್ತ ಮನೆ ಸೇರಿದಾಗ ಚಿಕ್ಕಮ್ಮ, “ಯಾವ ಕಾಲೋ?” ಎಂದರು.

“ಎಡಗಾಲು.”

ಒಳಗಿಂದ ಚಿಕ್ಕಪ್ಪನ ದನಿ ಬಂತು: “ನಿಂಗೆ ಐತಲ್ಲ, ನೋಯ್ಲಿ ಬಿಡು.”

ಸಂಜೆ ಪೇಟೆಯಿಂದ ಮರಳುವಾಗ ಸ್ಟೇರಿಂಗ್ ಅವರದೇ, ಕಾರೂ ಅದೇ. ಗೇಟಿನ ಹತ್ತಿರ ಚಿಕ್ಕಮ್ಮ ಇಳಿಯುವ ಮೊದಲೇ ನಾನು ಇಳಿದೆ. ಗೇಟು ಹಾಕಿ, ಕಾರಿನ ಹಿಂದೆ ನಿಂತೆ. ಬ್ರೇಕಿನ ಕೆಂಪು ದೀಪ ಆರಿತು. ಪಕ್ಕಕ್ಕೆ ಹಾರಿಬಿಡಬೇಕೆನಿಸಿತು, ಆದರೂ ನಿಂತಲ್ಲೇ ನಿಂತೆ.