ರುಕ್ಮವ್ವ ನಿಂತ ಜಾಗ

ಬೆಳಿಗ್ಗೆಯಿಂದ ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. ಕುಡಿಯುವ ಚಹಾಕ್ಕೂ ಅದೇ ವಾಸನೆ. ಹಚ್ಚಿಕೊಂಡವಳು ನಾನೇ, ಸೊಂಟಕ್ಕೆ. "ಹೆಂಗ ಬಿದ್ದಿ?" ಎಂದು ಯಜಮಾನರು ಮೂರು ಸಲ ಕೇಳಿದರು. "ಬಾಸ್ಕೆಟ್‌ಬಾಲ್ ಆಡಾಕ ಹೋಗಿದ್ನಿ" ಎಂದೆ. ಮೆಟ್ಟಿಲು ಹತ್ತುವಾಗಲೇ ಉಸ್ಸಪ್ಪಾ ಎನ್ನುವ, ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂರುವ ಹೆಂಗಸಿನ ಬಾಯಲ್ಲಿ ಇಂಥ ಮಾತು ಬಂದರೆ ಯಾರು ನಂಬುತ್ತಾರೆ? ನಕ್ಕು ಕೆಲಸಕ್ಕೆ ಹೋದರು. ನಿಮಗೂ ನಗು ಬಂದಿದ್ದರೆ ನಕ್ಕುಬಿಡಿ, ಬೇಜಾರಿಲ್ಲ. ಆದರೆ ಪೂರ್ತಿ ಕೇಳಬೇಕು.

ವಿಜಯಪುರದಲ್ಲಿ ನಾನು ಓದಿದ ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮು ಎಂಬುದೊಂದಿತ್ತು. ನಿಜ ಹೇಳಬೇಕೆಂದರೆ ಕಬಡ್ಡಿ ಟೀಮಿನವರೇ ಬೂಟು ಹಾಕಿಕೊಂಡ ದಿನ ಬಾಸ್ಕೆಟ್‌ಬಾಲ್ ಟೀಮಾಗುತ್ತಿದ್ದರು. ಹೊರಗಿನವಳು ನಾನೊಬ್ಬಳೇ. ನನ್ನನ್ನು ಸೇರಿಸಿಕೊಂಡದ್ದು ಎತ್ತರ ನೋಡಿ. ಆಟದ ಸರ್ ನನ್ನನ್ನು ರಿಂಗಿನ ಕೆಳಗೆ ನಿಲ್ಲಿಸಿ, "ನೀ ಏನೂ ಮಾಡಬ್ಯಾಡವಾ, ಸುಮ್ಮ ನಿಂದ್ರು ಸಾಕು" ಎಂದಿದ್ದರು. ಅಷ್ಟೇ ಕೆಲಸ. ಅದೊಂದೇ ನನ್ನಿಂದ ಆಗಲಿಲ್ಲ. ಯಾರಾದರೂ ಚೆಂಡು ಹಿಡಿದು ನನ್ನತ್ತ ಓಡಿ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಮದುವೆ ಮನೆಯಲ್ಲಿ ಪಂಕ್ತಿಗೆ ಹೊರಟವರಿಗೆ ದಾರಿ ಬಿಡುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದುಬಿಡುತ್ತಿದ್ದೆ.

ಉಳಿದವರ ರೋಗ ಬೇರೆ. ಕಬಡ್ಡಿಯಲ್ಲಿ ಎದುರಾಳಿಯನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಸುತ್ತುಗಟ್ಟಿ ಹಿಡಿಯುವುದು ಅವರಿಗೆ ರಕ್ತಕ್ಕೇ ಹತ್ತಿತ್ತು. ಇಲ್ಲಿಯೂ "ಬರ್ಲಿ ಬಿಡ, ಒಳಗ ಬರ್ಲಿ" ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ಒಳಗೆ ಬಂದವಳು ಆರಾಮಾಗಿ ಚೆಂಡು ರಿಂಗಿಗೆ ಹಾಕಿ ಹೊರಟುಹೋಗುತ್ತಿದ್ದಳು. "ಇದು ಕಬಡ್ಡಿ ಅಲ್ರವಾ! ಬಿಟ್ಟುಕೊಂಡು ಹಿಡಿಯೂದಲ್ಲ, ಬಿಡಾಂಗಿಲ್ಲ!" ಎಂದು ಸರ್ ಗಂಟಲು ಹರಿದುಕೊಳ್ಳುತ್ತಿದ್ದರು. ದೂರದಿಂದ ಎಸೆಯುವವರನ್ನು ನಾವು ಹೇಗೋ ತಡೆಯುತ್ತಿದ್ದೆವು. ರಿಂಗಿನ ಬುಡ ಮಾತ್ರ ಹೇಳುವವರು ಕೇಳುವವರು ಇಲ್ಲದ ಜಾಗವಾಗಿತ್ತು.

ಅವರೊಳಗೆ ಕಬಡ್ಡಿಯಲ್ಲಿ ಎಲ್ಲರಿಗಿಂತ ಜೋರು ರುಕ್ಮವ್ವ. ಘೋಣಸಗಿಯವಳು. ದಿನಾ ತಿಕೋಟಾ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಎತ್ತರ ನನ್ನ ಭುಜಕ್ಕೆ ಬರುವಷ್ಟು. ಅವಳು ಹಿಡಿದ ಕಾಲನ್ನು ಬಿಡಿಸಿಕೊಂಡವರಿಲ್ಲ. ಮೊದಲ ಬಾಸ್ಕೆಟ್‌ಬಾಲ್ ಮ್ಯಾಚಿನಲ್ಲೂ, ಚೆಂಡು ಹಿಡಿದು ಒಳಗೆ ನುಗ್ಗಿದ ಹುಡುಗಿಯ ಕಾಲಿಗೇ ಜೋತುಬಿದ್ದಳು! ರೆಫರಿ ಸೀಟಿ ಊದುವುದನ್ನೂ ಮರೆತು ನೋಡುತ್ತ ನಿಂತರು. ಇಡೀ ಮೈದಾನ ನಕ್ಕಿತು, ನಾನೂ ನಕ್ಕೆ. ಅವಳು ನಗಲಿಲ್ಲ.

ಅವಳಿಗೆ ಆಟದ ಟೀಚರ್ ಆಗಬೇಕಿತ್ತು. ಯುನಿವರ್ಸಿಟಿ ಟೀಮಿಗೆ ಆಯ್ಕೆಯಾದರೆ ಆ ಓದಿಗೆ ಸೀಟು ಸಿಗುತ್ತದೆ ಎಂದು ಸರ್ ಹೇಳಿದ್ದರು. ಆ ವರ್ಷ ಕಬಡ್ಡಿಯ ಆಯ್ಕೆ ಹೊತ್ತಿಗೆ ಅವಳು ಜ್ವರ ಬಂದು ಮಲಗಿದ್ದಳು. ಉಳಿದದ್ದು ಬಾಸ್ಕೆಟ್‌ಬಾಲ್ ಒಂದೇ. "ಇದೂ ತಪ್ಪಿದರ ದ್ರಾಕ್ಷಿ ಪಡದಾಗ ಗೊನಿ ಕತ್ತರಸೂದು ಐತಲ್ಲ" ಎಂದು ನಗುತ್ತ ಹೇಳುತ್ತಿದ್ದಳು. ಆ ನಗು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಆ ಮೊದಲ ಮ್ಯಾಚಿನ ಮರುದಿನ ಅವಳು ಪ್ರಾಕ್ಟೀಸಿಗೆ ಒಂದು ಪ್ಲಾಸ್ಟಿಕ್ ಕೊಡ ತಂದಳು. ನೀರು ತುಂಬಿಸಿ ತಲೆಯ ಮೇಲಿಟ್ಟು, ಎರಡೂ ಕೈ ಮೇಲೆತ್ತಿ ಹಿಡಿದು ರಿಂಗಿನ ಕೆಳಗೆ ನಿಂತಳು. "ಬರ್ರಿ, ಒಬ್ಬೊಬ್ಬರ ಬಂದು ಗೂಳಿ ಹಾಯ್ದಂಗ ಹಾಯ್ರಿ" ಎಂದಳು. ಊರ ನಳದ ಮುಂದೆ ಹೆಂಗಸರು ಎಷ್ಟು ನೂಕಿದರೂ ಕೊಡ ಹೊತ್ತವಳು ಕೈ ಕೆಳಗಿಳಿಸುವುದಿಲ್ಲ, ನಿಂತ ಜಾಗ ಬಿಡುವುದಿಲ್ಲ. ಯಾರನ್ನೂ ಹಿಡಿಯದ ಹಾಗೆ ತನ್ನ ಕೈಗೆ ಅವಳು ಕಂಡುಕೊಂಡ ಕೆಲಸ ಅದು. ಮೊದಲ ವಾರ ಅವಳೂ ತೊಯ್ದಳು, ನಾವೂ ತೊಯ್ದೆವು. ತಿಂಗಳಾಗುವಷ್ಟರಲ್ಲಿ ಹಾಯ್ದವರು ಹಿಂದಕ್ಕೆ ಬೀಳುತ್ತಿದ್ದರು, ಕೊಡದ ನೀರು ಅಲ್ಲಾಡುತ್ತಿತ್ತು ಅಷ್ಟೇ. ಆ ಹಟಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಆಯ್ಕೆ ಮಾಡುವವರು ಬಂದು ಕೂತ ಮ್ಯಾಚಿನಲ್ಲಿ ಹಳೆಯ ಚಾಳಿ ಪೂರ್ತಿ ಬಿಡದೆ ಅವಳಿಗೆ ನಾಲ್ಕು ಫೌಲು ಆಗಿದ್ದವು. ಐದನೆಯದಾದರೆ ಹೊರಗೆ. "ರುಕ್ಮವ್ವಾ, ಇನ್ನ ದೂರ ನಿಂದ್ರು" ಎಂದು ಸರ್ ಕೂಗಿದರು. ಅಷ್ಟರಲ್ಲಿ ಎದುರು ಟೀಮಿನ ದಪ್ಪ ಹುಡುಗಿಯೊಬ್ಬಳು ಚೆಂಡು ಹಿಡಿದು ನೇರ ನನ್ನ ಮೇಲೆಯೇ ಬಂದಳು. ನಾನು ಸರಿದೆ. ಸರಿದ ಆ ಜಾಗಕ್ಕೆ ರುಕ್ಮವ್ವ ಬಂದು ಕೈ ಮೇಲೆತ್ತಿ ನಿಂತಳು. ಹುಡುಗಿ ಅವಳ ಎದೆಗೇ ಗುದ್ದಿದಳು, ಇಬ್ಬರೂ ಧಡ್ ಎಂದು ಬಿದ್ದರು, ರೆಫರಿ ಸೀಟಿ ಊದಿದರು. ರುಕ್ಮವ್ವ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆಯತೊಡಗಿದಳು.

"ಏ ತಂಗಿ, ಎಲ್ಲಿ ಹೊಂಟಿ? ನೀ ನಿಂತಿದ್ದಿ. ಫೌಲು ಹಾಯ್ದಾಕಿದು" ಎಂದರು ರೆಫರಿ.

ಆಗ ಅವಳು ಅತ್ತಳು. ಆ ಮ್ಯಾಚು ನಾವು ಸೋತೆವು, ಆದರೆ ಆಯ್ಕೆ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಹೆಸರು ಅವಳದೊಂದೇ. ನಾನು ಮಾತ್ರ ಈ ಕಥೆಯನ್ನು ಮನೆಯಲ್ಲಿ ಹೇಳುವಾಗಲೆಲ್ಲ "ನಾವು ತಡೆದಿವಿ" ಎನ್ನುತ್ತ ಬಂದೆ.

ನಿನ್ನೆ ಕಚೇರಿ ಕೆಲಸಕ್ಕೆಂದು ಬಬಲೇಶ್ವರಕ್ಕೆ ಹೋಗಿದ್ದೆ. ಅಲ್ಲಿನ ಶಾಲೆಯೊಂದರಲ್ಲಿ ರುಕ್ಮವ್ವ ಆಟದ ಟೀಚರ್. ಮಾತಾಡಿಸಲು ಹೋದರೆ, ಬಾಸ್ಕೆಟ್‌ಬಾಲ್ ಮೈದಾನದಲ್ಲಿ ಅವಳ ಹುಡುಗಿಯರು "ಬರ್ಲಿ ಬಿಡ" ಎನ್ನುತ್ತ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ನಕ್ಕೂ ನಕ್ಕೂ ಸಾಕಾಯಿತು.

"ಇವೂ ಕಬಡ್ಡಿ ಹುಡುಗ್ಯಾರ. ನಿಂತು ತೋರಸೂನಂದ್ರ ನನ್ನ ಮೊಳಕಾಲು ಕೈ ಕೊಟ್ಟೈತಿ. ನೀ ನಿಂದ್ರ ಬಾ" ಎಂದಳು.

"ನಾನಾ? ನಿನಗೇನ ತಲಿ ಕೆಟ್ಟೈತೇನ ಬೇ?"

"ನೀನ. ಅವತ್ತ ನೀ ಸರದದ್ದು ನಾ ಯಾರ ಮುಂದೂ ಹೇಳಿಲ್ಲ" ಎಂದು ಮೆಲ್ಲಗೆ ನಕ್ಕಳು.

ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆ, ಇಷ್ಟು ವರ್ಷ ಅವಳಿಗೆ ಗೊತ್ತಿತ್ತು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ರಿಂಗಿನ ಕೆಳಗೆ ಹೋಗಿ ನಿಂತೆ. ಒಬ್ಬ ಗಟ್ಟಿ ಹುಡುಗಿ ಚೆಂಡು ಬಡಿಯುತ್ತ ನನ್ನತ್ತ ಓಡಿ ಬಂದಳು. ಎದೆ ಧಸಕ್ಕೆಂದಿತು, ಅಂದಿನ ಹಾಗೆಯೇ. "ಕೊಡಾ ಹೊತ್ತಿ ಅಂತ ತಿಳಕೋ!" ಎಂದು ರುಕ್ಮವ್ವ ಕೂಗಿದಳು. ಎರಡೂ ಕೈ ಮೇಲೆತ್ತಿದೆ. ಆಮೇಲೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ.

ರುಕ್ಮವ್ವ ಸೀಟಿ ಊದಿ ಕೇಳಿದಳು: "ಫೌಲು ಯಾರದ?"

"ಹಾಯ್ದಾಕಿದ್ರೀ ಟೀಚರ್! ಅವರು ನಿಂತಿದ್ರು!" ಎಂದು ಹುಡುಗಿಯರೆಲ್ಲ ಒಟ್ಟಿಗೆ ಕೂಗಿದರು.

ಸೊಂಟ ಇನ್ನೂ ನೋಯುತ್ತಿದೆ, ನೋಯಲಿ. ಸಂಜೆ ಯಜಮಾನರು ನಾಲ್ಕನೆಯ ಸಲ ಕೇಳಿದರೆ ಎಲ್ಲ ಹೇಳುತ್ತೇನೆ, ಅವತ್ತು ಸರಿದದ್ದನ್ನೂ.